ಓಖ್ಲಾದಿಂದ ಕನಸಿನ ದ್ವೀಪಕ್ಕೆ

ದಿಲ್ಲಿಯಲ್ಲಿ ನಿಮ್ಮ ಮನೆ ಎಲ್ಲಿ ಎಂದು ಕೇಳಿದವರಿಗೆ ‘ಓಖ್ಲಾ’ ಎಂದರೆ ಸಾಕು, ಅವರ ಎರಡನೆಯ ಪ್ರಶ್ನೆ ಸಿದ್ಧವಾಗಿರುತ್ತದೆ: ‘ಓಹೋ, ಆ ಕಸದ ಗುಡ್ಡದ ಹತ್ತಿರವೇ?’ ಸಂಘದ ಸಮಾರಂಭಗಳಲ್ಲಿ ಸಿಕ್ಕುವ ನಮ್ಮ ಕನ್ನಡ ಬಂಧುಗಳೂ ಇದಕ್ಕೆ ಹೊರತಲ್ಲ. ಓಖ್ಲಾಕ್ಕೆ ಬೇರೆ ಚರಿತ್ರೆಯೂ ಉಂಟು ಎಂದು ನಾವು ಬಾಯಿ ತೆರೆಯುವಷ್ಟರಲ್ಲಿ ಅವರು ಕಾಫಿಯ ಮೇಜಿನ ಕಡೆಗೆ ಹೊರಟಿರುತ್ತಾರೆ. ಆದ್ದರಿಂದ ಇಲ್ಲಿಯೇ ಹೇಳಿಬಿಡುತ್ತೇನೆ. ೧೮೭೪ರಲ್ಲಿ ಯಮುನೆಗೆ ಇಲ್ಲಿ ಅಡ್ಡಕಟ್ಟೆ ಹಾಕಿ ಆಗ್ರಾ ಕಾಲುವೆಯನ್ನು ತೆಗೆದರು. ಬಹುಕಾಲ ಇದು ದಿಲ್ಲಿಯ ಜನ ಬುತ್ತಿ ಕಟ್ಟಿಕೊಂಡು ವಿಹಾರಕ್ಕೆ ಬರುತ್ತಿದ್ದ ನದೀತೀರ. ಚಳಿಗಾಲದಲ್ಲಿ ದೂರದೇಶದ ಬಾತುಗಳು ಇಂದಿಗೂ ಬರುತ್ತವೆ. ೧೯೯೦ರಲ್ಲಿ ಅವುಗಳಿಗಾಗಿ ಪಕ್ಷಿಧಾಮವೂ ಆಯಿತು. ಆದರೆ ೧೯೯೬ರಿಂದ ಇಲ್ಲಿ ಸುರಿದ ಕಸ ಬೆಳೆಬೆಳೆದು ಗುಡ್ಡವಾಗಿ, ಉಳಿದ ಚರಿತ್ರೆಯನ್ನೆಲ್ಲ ಮರೆಮಾಡಿಬಿಟ್ಟಿತು. ಅದನ್ನು ಅಗೆದು, ಜರಡಿ ಹಿಡಿದು ಕರಗಿಸುವ ಕೆಲಸ ಕೆಲವು ವರ್ಷಗಳಿಂದ ನಡೆದು ಬಂದಿದೆ. ಗುಡ್ಡಕ್ಕಿಂತ ಅದರ ಹೆಸರು ಕರಗುವುದು ತಡ.

ದೊಡ್ಡವರಾದ ನಾವು ಇದನ್ನು ನಕ್ಕು ಕಳೆಯುತ್ತೇವೆ. ಐದನೆಯ ತರಗತಿಯಲ್ಲಿ ಓದುವ ಮಗಳಿಗೆ ಅದು ಸಾಧ್ಯವಿಲ್ಲ. ಜೊತೆಯ ಮಕ್ಕಳು ಅವಳಿಗೊಂದು ಅಡ್ಡಹೆಸರು ಇಟ್ಟಿದ್ದರು; ಅದನ್ನಿಲ್ಲಿ ಬರೆಯುವುದಿಲ್ಲ. ಹೋದ ಹುಟ್ಟುಹಬ್ಬಕ್ಕೆ ಗೆಳತಿಯರನ್ನು ಮನೆಗೆ ಕರೆಯುವುದೇ ಬೇಡವೆಂದು ಅವಳು ಹಟ ಹಿಡಿದಾಗ ಮನಸ್ಸಿಗೆ ಬಹಳ ಕಸಿವಿಸಿಯಾಯಿತು. ಇದೇ ಸಮಯಕ್ಕೆ ನನ್ನ ಚಿಕ್ಕಮ್ಮನ ಮಗ, ಟೋಕಿಯೋದಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವವನು, ‘ಅಕ್ಕ, ಈ ಸಲ ದಸರಾ ರಜೆಗೆ ಎಲ್ಲರೂ ಬಂದುಬಿಡಿ. ಅತ್ತೆಯವರನ್ನೂ ಕರಕೊಂಡು ಬನ್ನಿ’ ಎಂದು ಒತ್ತಾಯ ಮಾಡಿದ. ನನ್ನ ಅತ್ತೆಯವರಿಗೆ ಎಪ್ಪತ್ತು ದಾಟಿದೆ. ಹಾಸನದ ಕಡೆಯವರು. ದಿಲ್ಲಿಗೆ ಬಂದು ಇಪ್ಪತ್ತು ವರ್ಷವಾದರೂ ತರಕಾರಿಯವನೊಡನೆ ಕನ್ನಡದಲ್ಲಿಯೇ ಚೌಕಾಶಿ ಮಾಡಿ ಗೆಲ್ಲುವವರು. ಗೊಜ್ಜವಲಕ್ಕಿ, ಚಟ್ನಿಪುಡಿ, ಹುರಿಹಿಟ್ಟು ಎಂದು ಒಂದು ಪೆಟ್ಟಿಗೆಯನ್ನೇ ತುಂಬಿಕೊಂಡು ಅವರು ಹೊರಟರು. ವೀಸಾ, ಟಿಕೀಟುಗಳ ಕಥೆ ಎಲ್ಲರಿಗೂ ಗೊತ್ತಿರುವುದೇ. ದಿಲ್ಲಿಯಿಂದ ನೇರ ವಿಮಾನ. ಗಡಿಯಾರವನ್ನು ಮೂರೂವರೆ ಗಂಟೆ ಮುಂದಕ್ಕೆ ತಿರುಗಿಸಿದರೆ ಟೋಕಿಯೋ.

ಅಂದಹಾಗೆ ಜಪಾನು ಕನ್ನಡಿಗರಿಗೆ ಹೊಸ ದಾರಿಯೇನಲ್ಲ. ನಮ್ಮ ವಿಶ್ವೇಶ್ವರಯ್ಯನವರು ೧೮೯೮ರಷ್ಟು ಹಿಂದೆಯೇ ಅಲ್ಲಿಗೆ ಹೋಗಿ ಕಣ್ಣಾರೆ ಕಂಡು ಬಂದಿದ್ದರು. ಓಖ್ಲಾದವರಿಗಂತೂ ಜಪಾನು ದಿನನಿತ್ಯದ ನೆಂಟ. ದಿಲ್ಲಿಯ ಮೆಟ್ರೋ ರೈಲಿನ ಹಣದಲ್ಲಿ ದೊಡ್ಡ ಪಾಲು ೧೯೯೭ರಿಂದ ಜಪಾನು ಸರಕಾರ ಕೊಡುತ್ತ ಬಂದ ಸಾಲ. ೨೦೧೭ರ ಡಿಸೆಂಬರ್ ೨೫ರಂದು ನಮ್ಮ ಓಖ್ಲಾ ಎನ್‌ಎಸ್‌ಐಸಿ ನಿಲ್ದಾಣ ತೆರೆದಾಗಿನಿಂದ ನಾವೂ ಆ ಸಾಲದ ಮೇಲೆಯೇ ಓಡಾಡುತ್ತಿದ್ದೇವೆ ಎನ್ನಬೇಕು! ಅದರಿಂದಲೋ ಏನೋ, ಟೋಕಿಯೋದ ರೈಲು ನಮಗೆ ಅಷ್ಟು ಅಪರಿಚಿತವೆನ್ನಿಸಲಿಲ್ಲ. ಅದೇ ಚೀಟಿಯ ಬಾಗಿಲು, ಅದೇ ಹೆಂಗಸರ ಡಬ್ಬಿ. ಅಲ್ಲಿ ಹೆಂಗಸರಿಗೆ ಅದು ಹೆಚ್ಚಾಗಿ ಬೆಳಗಿನ ನೂಕುನುಗ್ಗಲಿನ ಹೊತ್ತಿನಲ್ಲಿ ಮಾತ್ರ. ವ್ಯತ್ಯಾಸವೆಂದರೆ ಸದ್ದು. ಸಾವಿರ ಜನ ಒತ್ತೊತ್ತಾಗಿ ನಿಂತಿದ್ದರೂ ಒಂದು ಪಿಸುಮಾತಿಲ್ಲ. ಫೋನಿನಲ್ಲಿ ಮಾತನಾಡುವವರಿಲ್ಲ, ನಿಂತೇ ನಿದ್ದೆ ಮಾಡುವವರು ಬೇಕಾದಷ್ಟು. ಅತ್ತೆಯವರು ಹತ್ತು ನಿಮಿಷ ತಡೆದು, ‘ಯಾರಾದರೂ ಹೋಗಿಬಿಟ್ಟರೇನೇ?’ ಎಂದು ನನ್ನ ಕಿವಿಯಲ್ಲಿ ಕೇಳಿದರು.

ತಮ್ಮನ ಮನೆ ನಿಶಿಕಸಾಯ್ ಎಂಬಲ್ಲಿ. ಟೋಕಿಯೋದ ಪೂರ್ವದಂಚಿನ ಎದೊಗಾವಾ ವಾರ್ಡಿಗೆ ಸೇರಿದ ಈ ಬಡಾವಣೆಯಲ್ಲಿ ಸುಮಾರು ೨೦೦೦ದಿಂದೀಚೆಗೆ ಭಾರತದವರು ಬಂದು ನೆಲೆಸಿದ್ದಾರೆ. ಉದ್ದಿನಬೇಳೆ, ಹುಣಿಸೆಹಣ್ಣು ಸಿಕ್ಕುವ ಅಂಗಡಿಗಳಿವೆ. ರಸ್ತೆಯಲ್ಲಿ ತೆಲುಗು, ತಮಿಳು ಕೇಳಿಸುತ್ತವೆ. ಒಂದು ಸಂಜೆ ಕನ್ನಡವೂ ಕೇಳಿಸಿತು. ನಾವು ಹೋದಾಗ ಅಕ್ಟೋಬರಿನ ಮೊದಲ ವಾರ. ಬೀದಿಯ ಬೇಲಿಗಳಲ್ಲೆಲ್ಲ ಕಿನ್‌ಮೊಕುಸೆಯ್ ಎಂಬ ಕಿತ್ತಳೆ ಬಣ್ಣದ ಸಣ್ಣ ಹೂ ಬಿಟ್ಟು, ಗಿಡ ಕಣ್ಣಿಗೆ ಬೀಳುವ ಮೊದಲೇ ಅದರ ಪರಿಮಳ ಬರುತ್ತಿತ್ತು. ಸುರಗಿಯ ಜಾತಿಯದ್ದಿರಬೇಕೆಂದು ಅತ್ತೆಯವರ ತೀರ್ಮಾನ. ಸಸ್ಯಶಾಸ್ತ್ರದವರು ಒಪ್ಪಲಾರರು, ಮೂಗು ಒಪ್ಪುತ್ತದೆ.

ಮನೆಯೊಳಗೆ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅಡಿಗೆಮನೆಯ ಗೋಡೆ. ಅಲ್ಲಿ ತಿರುಪತಿ ವೆಂಕಟರಮಣನ ಕ್ಯಾಲೆಂಡರಿನ ಪಕ್ಕದಲ್ಲಿ ಇನ್ನೊಂದು ಕ್ಯಾಲೆಂಡರು ತೂಗುತ್ತಿತ್ತು. ತಮ್ಮನ ಹೆಂಡತಿ ಅದನ್ನು ‘ಕಸದ ಪಂಚಾಂಗ’ ಎಂದು ಕರೆಯುತ್ತಾಳೆ. ಸುಡುವ ಕಸಕ್ಕೆ ವಾರದಲ್ಲಿ ಎರಡು ದಿನ. ಕಾಗದ, ಸೀಸೆ, ಡಬ್ಬಿಗಳಂಥ ಮರುಬಳಕೆಯ ವಸ್ತುಗಳಿಗೆ ಒಂದು ದಿನ. ಸುಡದ ಕಸಕ್ಕೆ ತಿಂಗಳಲ್ಲಿ ಎರಡೇ ದಿನ. ದಿನ ತಪ್ಪಿತೆಂದರೆ ಮುಂದಿನ ತಿಥಿಯವರೆಗೆ ಕಸ ಮನೆಯಲ್ಲಿಯೇ. ಬೆಳಿಗ್ಗೆ ಎಂಟರೊಳಗೆ ಗೊತ್ತುಮಾಡಿದ ಜಾಗದಲ್ಲಿ ಇಟ್ಟು ಮೇಲೆ ಬಲೆ ಹೊದಿಸಬೇಕು. ಇಲ್ಲವಾದರೆ ಟೋಕಿಯೋದ ಕಾಗೆಗಳು—ನಮ್ಮ ಕಾಗೆಯ ಒಂದೂವರೆಯಷ್ಟು ದಪ್ಪ—ಚೀಲ ಹರಿದು ಬೀದಿಯೆಲ್ಲ ಹರಡುತ್ತವೆ. ನೀರಿನ ಸೀಸೆಯ ಮುಚ್ಚಳ ಬೇರೆ, ಮೇಲಿನ ಹೊದಿಕೆ ಬೇರೆ, ಸೀಸೆ ತೊಳೆದು ಬೇರೆ. ಹಾಲಿನ ರಟ್ಟಿನ ಡಬ್ಬಿಯನ್ನು ತೊಳೆದು, ಕತ್ತರಿಸಿ, ಬಿಡಿಸಿ, ಒಣಗಿಸಬೇಕು. ಒಡೆದ ಗಾಜನ್ನು ಕಾಗದದಲ್ಲಿ ಸುತ್ತಿ ‘ಕಿಕೆನ್’, ಎಂದರೆ ಅಪಾಯ ಎಂದು ಬರೆಯಬೇಕು. ಎತ್ತುವವನ ಕೈ ಕುಯ್ಯಬಾರದಲ್ಲ! ಹಳೆಯ ಕುರ್ಚಿಯನ್ನು ಎಸೆಯಬೇಕಾದರೆ ಮೊದಲೇ ತಿಳಿಸಿ, ಹಣ ಕೊಟ್ಟು ಚೀಟಿ ತಂದು ಅಂಟಿಸಬೇಕು. ತಪ್ಪಾಗಿ ಇಟ್ಟ ಚೀಲದ ಮೇಲೆ ಒಂದು ಎಚ್ಚರಿಕೆಯ ಚೀಟಿ ಅಂಟಿಸಿ ಗಾಡಿಯವರು ಹಾಗೆಯೇ ಬಿಟ್ಟು ಹೋಗುತ್ತಾರೆ. ಇಡೀ ಕಟ್ಟಡ ನೋಡುತ್ತದೆ.

ಇಷ್ಟೆಲ್ಲ ಮಾಡುವ ಜನ ಕಸವನ್ನು ಹುಟ್ಟಿಸುವುದರಲ್ಲಿಯೂ ಹಿಂದೆ ಬಿದ್ದವರಲ್ಲ ಎಂದು ಹೇಳಲೇಬೇಕು. ಪಕ್ಕದ ಮನೆಯವರು ತಂದುಕೊಟ್ಟ ಬಿಸ್ಕತ್ತಿನ ಪೊಟ್ಟಣದಲ್ಲಿ ಪ್ರತಿಯೊಂದು ಬಿಸ್ಕತ್ತಿಗೂ ಒಂದು ಅಂಗಿ, ಎಲ್ಲಕ್ಕೂ ಸೇರಿ ಒಂದು ಪೆಟ್ಟಿಗೆ, ಪೆಟ್ಟಿಗೆಗೆ ಬಣ್ಣದ ಕಾಗದ, ಅದಕ್ಕೆ ಒಂದು ಚೀಲ. ತಿಂದದ್ದು ಒಂದು ಹಿಡಿ, ವಿಂಗಡಿಸಿದ್ದು ಒಂದು ಮೊರ.

ಬೀದಿಯಲ್ಲಿ ಕಸದ ತೊಟ್ಟಿಗಳೇ ಅಪರೂಪ. ೧೯೯೫ರ ಮಾರ್ಚಿನಲ್ಲಿ ಸುರಂಗ ರೈಲುಗಳಲ್ಲಿ ವಿಷಾನಿಲ ಬಿಟ್ಟು ಜನರನ್ನು ಕೊಂದ ಪ್ರಸಂಗ ನಡೆದ ಮೇಲೆ ನಿಲ್ದಾಣಗಳಿಂದಲೂ ಎಷ್ಟೋ ತೊಟ್ಟಿಗಳನ್ನು ತೆಗೆದರು. ಆದರೂ ಬೀದಿ ಶುಭ್ರ. ತಿಂದ ಬಾಳೆಯ ಹಣ್ಣಿನ ಸಿಪ್ಪೆಯನ್ನು ನನ್ನ ಕೈಚೀಲದಲ್ಲಿಟ್ಟುಕೊಂಡು ಅರ್ಧ ಟೋಕಿಯೋ ಸುತ್ತಿ ಬಂದೆ. ನನ್ನಂತೆಯೇ ಅಲ್ಲಿ ಲಕ್ಷಾಂತರ ಜನ ತಮ್ಮ ತಮ್ಮ ಸಿಪ್ಪೆ ಹೊತ್ತು ಮನೆಗೆ ಹೋಗುತ್ತಾರೆ.

ಈ ಅಭ್ಯಾಸ ಎಲ್ಲಿ ಹುಟ್ಟುತ್ತದೆ ಎಂಬುದು ತಮ್ಮನ ಮಗನಿಂದ ಗೊತ್ತಾಯಿತು. ಒಂದನೆಯ ತರಗತಿಯ ಹುಡುಗ, ವಾರ್ಡಿನ ಸಾಮಾನ್ಯ ಶಾಲೆಗೆ ಹೋಗುತ್ತಾನೆ. ಹಳದಿ ಟೋಪಿ, ಬೆನ್ನಿಗೆ ಪೆಟ್ಟಿಗೆಯಂಥ ಚೀಲ. ತಾನೇ ಬಾಗಿಲು ತೆರೆದುಕೊಂಡು ಹೊರಟೇಬಿಟ್ಟ. ‘ಇಷ್ಟು ಸಣ್ಣ ಕೂಸನ್ನು ಒಂಟಿಯಾಗಿ ಬಿಡೋದೇನೇ!’ ಎಂದು ಅತ್ತೆಯವರು ಚಪ್ಪಲಿ ಹುಡುಕುತ್ತ ಹಿಂದೆ ಹೊರಡಲಿದ್ದರು. ಕಿಟಕಿಯಿಂದ ನೋಡಿದರೆ ಬೀದಿಯ ತುಂಬ ಅಂಥವೇ ಹಳದಿ ಟೋಪಿಗಳು. ಮಧ್ಯಾಹ್ನ ಶಾಲೆಯಲ್ಲಿ ಮಕ್ಕಳೇ ಬಿಳಿಯ ಮೇಲಂಗಿ ತೊಟ್ಟು ಸರದಿಯ ಮೇಲೆ ಊಟ ಬಡಿಸುತ್ತಾರಂತೆ. ಆಮೇಲೆ ತರಗತಿ, ನಡುಮನೆ, ಮೆಟ್ಟಿಲುಗಳನ್ನು ಗುಡಿಸಿ ಒರಸುವುದೂ ಅವರೇ. ನಮ್ಮ ಮಗಳು ಇದನ್ನು ನಂಬಲಿಲ್ಲ. ಅವನು ನೆಲದ ಮೇಲೆ ಬಟ್ಟೆ ಹಾಸಿ, ಎರಡು ಕೈ ಊರಿ, ಹಿಂಭಾಗ ಎತ್ತಿ ಈ ಗೋಡೆಯಿಂದ ಆ ಗೋಡೆಗೆ ಓಡಿ ತೋರಿಸಿದ ಮೇಲೆ ನಂಬಿದಳು. ಸಂಜೆಯವರೆಗೂ ಇಬ್ಬರದೂ ಅದೇ ಪಂದ್ಯ. ತಮ್ಮನ ಮನೆಯ ನೆಲ ಅಷ್ಟು ಹೊಳೆದದ್ದು ಅದೇ ಮೊದಲಿರಬೇಕು.

ಅವನು ಮನೆ ಬಿಡುವಾಗ ದಿನಾ ಒಂದು ಮಾತು ಕೂಗುತ್ತಿದ್ದ: ‘ಇತ್ತೆ ಕಿಮಸು!’ ಅರ್ಥವೇನೆಂದು ಕೇಳಿದರೆ ತಮ್ಮ ನಕ್ಕ. ‘ಇತ್ತೆ ಅಂದರೆ ಹೋಗಿ, ಕಿಮಸು ಅಂದರೆ ಬರುತ್ತೇನೆ. ಹೋಗಿ ಬರುತ್ತೇನೆ ಅಂತ, ಅಕ್ಕ!’ ಮನೆಯಲ್ಲಿ ಇರುವವರು ಅದಕ್ಕೆ ‘ಇತ್ತೆರಾಶ್ಶಾಯ್’ ಎನ್ನಬೇಕು, ಹೋಗಿ ಬಾ. ಬರೀ ‘ಹೋಗುತ್ತೇನೆ’ ಎಂದರೆ ಅಪಶಕುನವೆಂದು ಜೀವಮಾನವೆಲ್ಲ ನಮ್ಮನ್ನು ತಿದ್ದಿದ ಅತ್ತೆಯವರಿಗೆ ಆ ಕ್ಷಣದಿಂದ ಜಪಾನಿನವರು ಸ್ವಂತ ಜನವಾಗಿಬಿಟ್ಟರು.

ಭಾಷೆಯ ಈ ವಿಚಾರವನ್ನು ಸ್ವಲ್ಪ ಹೇಳಬೇಕು, ಏಕೆಂದರೆ ನಮ್ಮ ಮಕ್ಕಳ ಕನ್ನಡದ ಚಿಂತೆ ಈ ಪತ್ರಿಕೆಯ ಎಲ್ಲ ಮನೆಗಳಲ್ಲೂ ಇರುವಂಥದು. ಜಪಾನಿ ಭಾಷೆಯಲ್ಲಿ ಕ್ರಿಯಾಪದ ನಮ್ಮಂತೆಯೇ ಕೊನೆಗೆ ಬರುತ್ತದೆ. ವಿಭಕ್ತಿಯ ಪ್ರತ್ಯಯ ಹೆಸರಿನ ಬೆನ್ನಿಗೆ ಅಂಟುತ್ತದೆ. ವರ್ಣಮಾಲೆ ಅ, ಇ, ಉ, ಎ, ಒ ಎಂದು ತೊಡಗಿ ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುತ್ತದೆ. ಬೌದ್ಧ ಭಿಕ್ಷುಗಳು ಸಂಸ್ಕೃತದ ಅಕ್ಷರಪಾಠವನ್ನು ಕಲಿತದ್ದರ ಗುರುತು ಈ ಕ್ರಮ. ಇದು, ಅದು, ಯಾವುದು ಎಂಬಂತೆ ಅವರಿಗೆ ಕೊರೆ, ಅರೆ, ದೊರೆ. ‘ಯಾವುದು’ ಎಂದು ಕೇಳುವುದಕ್ಕೆ ‘ದೊರೆ?’ ಎನ್ನುವುದನ್ನು ಕೇಳಿ ನಾವು ಅಂಗಡಿಯಲ್ಲಿಯೇ ನಕ್ಕೆವು. ಪಕ್ಕದ ಮನೆಯ ವೃದ್ಧೆಯೊಬ್ಬರು ಅಕ್ಕಿಯ ಮೋಚಿಗೆ ಹುರಿದ ಸೋಯಾ ಹಿಟ್ಟು ಉದುರಿಸಿ ತಂದು ‘ತಬೆತೆ ಮಿತೆ’ ಎಂದರು. ‘ತಿಂದು ನೋಡು ಅಂತಿದ್ದಾರೆ’ ಎಂದು ಅತ್ತೆಯವರು ಯಾರನ್ನೂ ಕೇಳದೆ ಅರ್ಥ ಹೇಳಿದರು. ಪದಕ್ಕೆ ಪದ ಅದೇ: ತಬೆತೆ ತಿಂದು, ಮಿತೆ ನೋಡು. ಹಿಂದಿಯಲ್ಲಿಯೂ ಹೀಗೆ ಹೇಳುವುದುಂಟು. ಇಂಗ್ಲಿಷಿನಲ್ಲಿ ‘ತಿಂದು ನೋಡು’ ಎಂದರೆ ತಟ್ಟೆಯನ್ನು ದಿಟ್ಟಿಸಬೇಕಾದೀತು. ಇದರಿಂದ ಎರಡು ಭಾಷೆಗಳೂ ಒಂದೇ ತಾಯಿಯ ಮಕ್ಕಳೆಂದು ಯಾರೂ ಹೊರಡಬೇಕಾಗಿಲ್ಲ. ಜಪಾನಿಯನ್ನು ತಮಿಳಿಗೆ ನೆಂಟತನ ಕಟ್ಟಿದ ವಿದ್ವಾಂಸ ಸುಸುಮು ಓನೋ ಅವರ ವಾದವನ್ನು ಭಾಷಾಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಒಪ್ಪಿಲ್ಲ.

ಮಗಳಿಗೆ ಹಿಡಿಸಿದ್ದು ಅವರ ಜೋಡಿಪದಗಳು. ಮಳೆ ‘ಝಾ ಝಾ’, ಗುಡುಗು ‘ಗೊರೊ ಗೊರೊ’, ಹೊಳೆಯುವುದು ‘ಪಿಕಾ ಪಿಕಾ’, ಎದೆ ಬಡಿಯುವುದು ‘ದೋಕಿ ದೋಕಿ’. ಒಂದು ಪುಸ್ತಕದಲ್ಲಿ ಎಡಕ್ಕೆ ಜಪಾನಿ, ಬಲಕ್ಕೆ ಕನ್ನಡ ಎಂದು ಗೆರೆ ಎಳೆದಳು. ಬಲಭಾಗ ತುಂಬಲು ಅವಳಿಗೆ ಬರುತ್ತಿದ್ದ ಕನ್ನಡ ಸಾಲದಾಗಿ ಅಜ್ಜಿಯ ಹಿಂದೆ ಬಿದ್ದಳು: ಧೋ ಧೋ, ಗುಡುಗುಡು, ಪಳಪಳ, ಡವಡವ. ಅಜ್ಜಿ ಒಂದಕ್ಕೆ ಮೂರು ಕೊಟ್ಟರು. ದಿಲ್ಲಿಯಲ್ಲಿ ಹತ್ತು ವರ್ಷ ನಾವು ಹೇಳಿಕೊಡಲಾಗದ ಕನ್ನಡವನ್ನು ಟೋಕಿಯೋದ ರೈಲಿನಲ್ಲಿ ಪಿಸುದನಿಯಲ್ಲಿ ಕಲಿತಳು.

ಊಟದ ವಿಷಯದಲ್ಲಿ ಶಾಕಾಹಾರಿಗಳು ಎಚ್ಚರವಾಗಿರಬೇಕು. ಕಣ್ಣಿಗೆ ಬರೀ ಸೊಪ್ಪಿನ ಸಾರಿನಂತೆ ಕಂಡರೂ ಅದರ ತಿಳಿ ಒಣಮೀನಿನದಾಗಿರುತ್ತದೆ. ಉಪ್ಪಿನಲ್ಲಿ ಹಾಕಿದ ಹುಳಿಹಣ್ಣನ್ನು ಒಳಗಿಟ್ಟ ಅನ್ನದ ಉಂಡೆ ನಮಗೆ ದಾರಿಯ ಬುತ್ತಿಯಾಯಿತು. ಅವರ ಅಂಟಂಟು ಅನ್ನ ಮೊಸರಿಗೆ ಹೇಳಿಸಿದ್ದು.

ಒಂದು ದಿನ ಉಎನೋ ಉದ್ಯಾನಕ್ಕೆ ಹೋದೆವು. ಅಲ್ಲಿಯ ಶಿನೊಬಾಜು ಕೊಳದ ನಡುವೆ ಬೆಂಜೈತೆನ್ ದೇವಿಯ ಗುಡಿಯಿದೆ. ಬೆಂಜೈತೆನ್ ಎಂದರೆ ನಮ್ಮ ಸರಸ್ವತಿಯೇ. ಬೌದ್ಧಧರ್ಮದೊಡನೆ ಚೀನಾದ ಮೇಲೆ ಬಂದು ಅಲ್ಲಿ ನೀರಿನ ದೇವತೆಯಾಗಿ, ಸಂಪತ್ತಿನ ದೇವತೆಯೂ ಆಗಿ ನಿಂತಳು. ವೀಣೆಗೆ ಬದಲು ಬೀವಾ ಎಂಬ ವಾದ್ಯ. ಕೊಳದಲ್ಲಿ ತಾವರೆಯ ಹೂ ಮುಗಿದು ಎಲೆ, ಕಾಯಿಗಳಿದ್ದವು. ನವರಾತ್ರಿಯ ದಿನಗಳಾದ್ದರಿಂದ ಅತ್ತೆಯವರು ಮಗಳ ಜೋಡಿಪದಗಳ ಪುಸ್ತಕವನ್ನು ಅಲ್ಲಿಯೇ ಮುಟ್ಟಿಸಿ ಕಣ್ಣಿಗೊತ್ತಿಕೊಂಡರು.

ಇನ್ನು ನಾನು ಮುಖ್ಯವಾಗಿ ಬರೆಯಬೇಕೆಂದಿದ್ದ ಜಾಗ. ಪ್ರವಾಸಿಗಳ ಪಟ್ಟಿಯಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ. ಕಸದ ಪಂಚಾಂಗ ನೋಡಿ ಬೆರಗಾಗಿದ್ದ ನಮ್ಮ ಮನೆಯವರು, ‘ಇವರು ಹುಟ್ಟಿನಿಂದಲೇ ಶುಚಿಯಪ್ಪ, ನಮಗೆ ಬರುವುದಲ್ಲ’ ಎಂದು ನಿಟ್ಟುಸಿರು ಬಿಟ್ಟರು. ಆಗ ತಮ್ಮ, ‘ಭಾವ, ನಾಳೆ ನಿಮಗೆ ಇಲ್ಲಿನ ಓಖ್ಲಾ ತೋರಿಸುತ್ತೇನೆ’ ಎಂದ. ಮಗಳು ತಟ್ಟನೆ ತಲೆಯೆತ್ತಿದಳು.

ಶಿನ್‌ಕಿಬಾ ನಿಲ್ದಾಣದಲ್ಲಿ ಇಳಿದು ಕಾಲು ಗಂಟೆ ನಡೆದರೆ ಯುಮೆನೊಶಿಮಾ. ಕನಸಿನ ದ್ವೀಪ ಎಂದು ಅರ್ಥ. ಸಮುದ್ರವನ್ನು ತುಂಬಿ ಮಾಡಿದ ನೆಲ. ಯುದ್ಧ ಮುಗಿದ ಹೊಸತರಲ್ಲಿ ಕೆಲಕಾಲ ಈಜುವವರ ತೀರವಾಗಿತ್ತು. ೧೯೫೭ರಿಂದ ೧೯೬೭ರವರೆಗೆ ಟೋಕಿಯೋ ತನ್ನ ಕಸವನ್ನು ತಂದು ಸುರಿದದ್ದು ಇಲ್ಲಿ. ೧೯೬೫ರ ಬೇಸಗೆಯಲ್ಲಿ ಇಲ್ಲಿ ಹುಟ್ಟಿದ ನೊಣಗಳು ಮೋಡದಂತೆ ಎದ್ದು ಹತ್ತಿರದ ಕೋತೋ ವಾರ್ಡಿನ ಮನೆ, ಶಾಲೆಗಳಿಗೆ ನುಗ್ಗಿದವು. ನೊಣಗಳನ್ನು ಕೊಲ್ಲಲು ಕಸದ ದಿಬ್ಬಕ್ಕೇ ಬೆಂಕಿಯಿಡಬೇಕಾಯಿತು. ಅದು ತುಂಬಿದ ಮೇಲೆ ಪಕ್ಕದಲ್ಲಿ ಇನ್ನೊಂದು ದಿಬ್ಬ. ದಿನವೂ ಸಾವಿರಾರು ಲಾರಿಗಳು ಸೋರುತ್ತ, ನಾರುತ್ತ ಕೋತೋದ ಬೀದಿಗಳಲ್ಲಿಯೇ ಹಾಯಬೇಕು. ಇಡೀ ಊರಿನ ಕಸಕ್ಕೆ ನಾವೊಬ್ಬರೇ ಏಕೆ ಗುರಿಯಾಗಬೇಕೆಂದು ಅಲ್ಲಿನ ಜನ ಎದ್ದು ನಿಂತರು. ೧೯೭೧ರ ಸೆಪ್ಟೆಂಬರಿನಲ್ಲಿ ರಾಜ್ಯಪಾಲ ಮಿನೋಬೆ ರ್‍ಯೋಕಿಚಿ ಅವರು ಸಭೆಯಲ್ಲಿ ‘ಕಸದ ಯುದ್ಧ’ವನ್ನೇ ಸಾರಬೇಕಾಯಿತು. ಪಶ್ಚಿಮದ ಸುಗಿನಾಮಿ ವಾರ್ಡಿನವರು ಕಸ ಸುಡುವ ಸ್ಥಾವರ ತಮ್ಮಲ್ಲಿ ಬೇಡವೆಂದು ಪಟ್ಟು ಹಿಡಿದಿದ್ದರು. ೧೯೭೩ರ ಮೇ ತಿಂಗಳಲ್ಲಿ ಕೋತೋದವರು ರಸ್ತೆಗೆ ಇಳಿದು ಸುಗಿನಾಮಿಯ ಲಾರಿಗಳನ್ನು ತಡೆದರು. ಲಾರಿ ತಿರುಗಿ ಹೋಯಿತು. ಕಸ ಅದನ್ನು ಮಾಡಿದವರ ಬೀದಿಯಲ್ಲಿಯೇ ಕೂತಿತು. ಅವರವರ ಕಸ ಅವರವರ ವಾರ್ಡಿನಲ್ಲಿ ಎಂಬ ತತ್ವ ಊರ ಮಾತಾದದ್ದು ಈ ಜಗಳದಿಂದ. ಸುಗಿನಾಮಿಯ ಸ್ಥಾವರ ಕೊನೆಗೂ ೧೯೮೨ರಲ್ಲಿ ಮುಗಿಯಿತು. ಇಂದು ಟೋಕಿಯೋದ ಇಪ್ಪತ್ತಮೂರು ವಾರ್ಡುಗಳಲ್ಲಿ ಇಪ್ಪತ್ತರಷ್ಟು ಇಂಥ ಸ್ಥಾವರಗಳಿವೆ, ಅವೂ ಊರ ಹೊರಗಲ್ಲ. ಇಕೆಬುಕುರೋದ ಅಂಗಡಿಸಾಲಿನ ಪಕ್ಕದಲ್ಲಿಯೇ ೨೧೦ ಮೀಟರ್ ಎತ್ತರದ ಹೊಗೆಗೊಳವೆ ನಿಂತಿದೆ. ಹೊಗೆಯ ವಿಷದ ಭಯ ಅವರಿಗೂ ಬಂದಿತ್ತು. ಡಯಾಕ್ಸಿನ್ ಕುರಿತು ೧೯೯೯ರಲ್ಲಿ ಕಟ್ಟುನಿಟ್ಟಾದ ಕಾನೂನು ಮಾಡಿದರು.

ಯುಮೆನೊಶಿಮಾ ೧೯೭೮ರಿಂದ ಉದ್ಯಾನ. ನಾವು ನಡೆದದ್ದು ಹುಲ್ಲಿನ ಮೇಲೆ. ಒಂದು ದೊಡ್ಡ ಗಾಜಿನ ಮನೆಯಲ್ಲಿ ಉಷ್ಣದೇಶದ ಗಿಡಗಳಿವೆ. ಪಕ್ಕದ ಸ್ಥಾವರದಲ್ಲಿ ಕಸ ಸುಟ್ಟ ಕಾವಿನಿಂದ ಬರುವ ಬಿಸಿನೀರು ಅದನ್ನು ಬೆಚ್ಚಗಿಡುತ್ತದೆ. ಒಳಗೆ ಬಾಳೆಯ ಗಿಡ ಕಂಡು ಅತ್ತೆಯವರು ಎಲೆಯನ್ನು ಸವರಿದರು. ೨೦೨೧ರಲ್ಲಿ ನಡೆದ ಒಲಿಂಪಿಕ್ಸಿನ ಬಿಲ್ಲುಗಾರಿಕೆ ಇದೇ ಉದ್ಯಾನದಲ್ಲಿ; ನಮ್ಮ ದೀಪಿಕಾ ಕುಮಾರಿ ಬಾಣ ಬಿಟ್ಟದ್ದು ಈ ಕಸದ ನೆಲದ ಮೇಲೆ ನಿಂತು ಎಂದಾಗ ಮಗಳು ಕಾಲಿನ ಕೆಳಗೆ ನೋಡಿಕೊಂಡಳು.

ಅಲ್ಲಿಯೇ ಒಂದು ಕಟ್ಟಡದೊಳಗೆ ಮರದ ಹಡಗೊಂದಿದೆ: ‘ದಾಯ್‌ಗೊ ಫುಕುರ್‍ಯು ಮಾರು’. ೧೯೫೪ರ ಮಾರ್ಚ್ ೧ರಂದು ಅಮೆರಿಕದವರು ಬಿಕಿನಿಯಲ್ಲಿ ಸಿಡಿಸಿದ ಹೈಡ್ರೋಜನ್ ಬಾಂಬಿನ ಬೂದಿ ಈ ಮೀನುದೋಣಿಯ ೨೩ ಜನರ ಮೇಲೆ ಸುರಿಯಿತು. ಅದೇ ವರ್ಷ ಅವರಲ್ಲೊಬ್ಬ ತೀರಿಕೊಂಡ. ಆ ಏಪ್ರಿಲಿನಲ್ಲಿ ದಿಲ್ಲಿಯ ಸಂಸತ್ತಿನಲ್ಲಿ ನೆಹರೂ ಅವರು ಇಂಥ ಪರೀಕ್ಷೆಗಳನ್ನು ನಿಲ್ಲಿಸಿರೆಂದು ಲೋಕಕ್ಕೆ ಹೇಳಿದ್ದು ಹಿರಿಯರಿಗೆ ನೆನಪಿರಬಹುದು. ಮುಂದೆ ಹಡಗು ಮುದಿಯಾಗಿ, ೧೯೬೭ರಲ್ಲಿ ಅದನ್ನೂ ಈ ಕಸದ ದ್ವೀಪದಲ್ಲಿ ಎಸೆದು ಹೋದರು. ಸಾಮಾನ್ಯ ಜನ ಸೇರಿ ಅದನ್ನು ಉಳಿಸಿದರು. ೧೯೭೬ರಲ್ಲಿ ಅದಕ್ಕೊಂದು ಮನೆಯಾಯಿತು.

ಹಿಂದಿರುಗುವಾಗ ಮಗಳು ಕೇಳಿದಳು: ‘ಮಾಮ, ಇಲ್ಲಿ ಕಸದ ಗುಡ್ಡದ ಮೇಲೆ ಕಸ ಆರಿಸುವ ಹುಡುಗರು ಎಲ್ಲಿ ಹೋದರು?’ ತಮ್ಮ ಉತ್ತರಿಸಲಿಲ್ಲ. ಓಖ್ಲಾದಲ್ಲಿಯೂ ವಿಂಗಡಣೆ ನಡೆಯುತ್ತದೆ. ಪ್ಲಾಸ್ಟಿಕ್ ಬೇರೆ, ಗಾಜು ಬೇರೆ, ತಗಡು ಬೇರೆ. ಬಹಳ ಚೊಕ್ಕವಾಗಿ ನಡೆಯುತ್ತದೆ. ಟೋಕಿಯೋದಲ್ಲಿ ಆ ಕೆಲಸ ನನ್ನಂಥ ಮನೆಯೊಡತಿಯದು, ತನ್ನ ಅಡಿಗೆಮನೆಯಲ್ಲಿ. ನಮ್ಮಲ್ಲಿ ನಾನು ಒಂದೇ ಚೀಲದಲ್ಲಿ ಕಟ್ಟಿದ್ದನ್ನು ಬಿಚ್ಚುವುದು ಬರಿಗೈಯ ಯಾವನೋ ಹುಡುಗ. ಒಡೆದ ಗಾಜಿಗೆ ‘ಕಿಕೆನ್’ ಎಂದು ನಮ್ಮಲ್ಲಿ ಯಾರು ಬರೆಯುತ್ತಾರೆ? ಟೋಕಿಯೋದವರು ಎಲ್ಲವನ್ನೂ ಗೆದ್ದರೆಂದೂ ಅಲ್ಲ. ಸುಟ್ಟ ಬೂದಿಯನ್ನು ಈಗಲೂ ಸಮುದ್ರಕ್ಕೇ ತುಂಬುತ್ತಾರೆ. ಆ ಜಾಗ ಇನ್ನು ಐವತ್ತು ವರ್ಷಗಳ ಚಿಲ್ಲರೆಗೆ ಸಾಕಾದೀತು ಎಂದು ಅವರ ಲೆಕ್ಕ.

ನಮ್ಮ ಓಖ್ಲಾದವರು ಸುಮ್ಮನೆ ಕೂತವರೆಂದು ಯಾರೂ ತಿಳಿಯಬಾರದು. ಸುಖದೇವ ವಿಹಾರದ ನಿವಾಸಿಗಳು ಮನೆಗಳ ಪಕ್ಕದಲ್ಲಿ ಕಸ ಸುಡುವ ಸ್ಥಾವರ ಬೇಡವೆಂದು ೨೦೦೯ರಲ್ಲಿಯೇ ನ್ಯಾಯಾಲಯಕ್ಕೆ ಹೋದರು. ಸ್ಥಾವರ ೨೦೧೨ರಿಂದ ನಡೆಯುತ್ತಿದೆ. ಕೋತೋದವರಂತೆ ಲಾರಿ ತಡೆದು, ‘ಈ ಕಸ ಯಾವ ಬಡಾವಣೆಯದು, ಅಲ್ಲಿಗೇ ಒಯ್ಯಿರಿ’ ಎಂದು ಕೇಳಿದವರನ್ನು ಮಾತ್ರ ನಾನು ದಿಲ್ಲಿಯಲ್ಲಿ ಕಾಣೆ. ಈಗ ನಮ್ಮ ಮನೆಯಲ್ಲಿ ಮೂರು ಬುಟ್ಟಿಗಳಿವೆ. ಮಗಳೇ ಪಂಚಾಂಗ ಬರೆದು ಗೋಡೆಗೆ ಹಚ್ಚಿದ್ದಾಳೆ. ಬೀದಿಗೆ ಬರುವ ಗಾಡಿಯವನು ಮೂರನ್ನೂ ಒಂದೇ ಕಡೆ ಸುರಿದುಕೊಂಡ ದಿನ ಅವಳಿಗೂ ಅವನಿಗೂ 
ವಾಗ್ವಾದವಾಯಿತು. ಗಾಜು ಸುತ್ತಿದ ಪೊಟ್ಟಣವನ್ನು ಮಾತ್ರ ಅವನು ಈಗ ಬೇರೆ ತೆಗೆದುಕೊಳ್ಳುತ್ತಾನೆ. ಅದರ ಮೇಲೆ ಅವಳು ಹಿಂದಿಯಲ್ಲಿಯೂ ಕನ್ನಡದಲ್ಲಿಯೂ ಬರೆದಿರುತ್ತಾಳೆ.

ಟೋಕಿಯೋ ಬಿಟ್ಟ ದಿನದ ಒಂದು ಮಾತು ಉಳಿಯಿತು. ಬೆಳಿಗ್ಗೆ ಪಕ್ಕದ ಮನೆಯ ವೃದ್ಧೆ ಎಂದಿನಂತೆ ಬಾಗಿಲ ಮುಂದೆ ಗುಡಿಸುತ್ತಿದ್ದರು. ಅತ್ತೆಯವರು ಹೋಗಿ, ಉಳಿದಿದ್ದ ಹುರಿಹಿಟ್ಟಿನ ಪೊಟ್ಟಣವನ್ನು ಅವರ ಕೈಯಲ್ಲಿಟ್ಟು, ‘ತಬೆತೆ ಮಿತೆ’ ಎಂದರು. ಆಮೇಲೆ ಕೈ ಮುಗಿದು, ‘ಇತ್ತೆ ಕಿಮಸು’ ಎಂದರು. ಅದು ಸಂಜೆಗೆ ಅದೇ ಮನೆಗೆ ಮರಳುವವರು ಹೇಳುವ ಮಾತು, ದೇಶ ಬಿಟ್ಟು ಹೊರಟ ಅತಿಥಿಗಳು ಹೇಳುವುದಲ್ಲ ಎಂದು ತಮ್ಮ ತಿದ್ದಲು ಮುಂದಾದ. ಅಷ್ಟರಲ್ಲಿ ಆಕೆ ಪೊರಕೆಯನ್ನು ಗೋಡೆಗೆ ಒರಗಿಸಿ, ಸೊಂಟ ಬಗ್ಗಿಸಿ, ‘ಇತ್ತೆರಾಶ್ಶಾಯ್’ ಎಂದಾಗಿತ್ತು.